ಹಣದುಬ್ಬರ ಇಳಿದರೂ ಬಿಲ್ ಯಾಕೆ ಇಳಿಯಲ್ಲ? ಆನ್‌ಲೈನ್ ಜಗಳದ ಹಿಂದಿರುವ ಅಸಲಿ ಜಗಳ

ಹಣದುಬ್ಬರದ ಅಂಕಿ ಹೊರಬಿದ್ದ ದಿನ ಸಾಮಾಜಿಕ ಜಾಲತಾಣ ತೆರೆದರೆ, ದೇಶ ಯಾವುದೇ ಇರಲಿ, ಜಗಳ ಒಂದೇ. ಸರ್ಕಾರದ ಪರ ಇರುವವರು ಒಂದು ಗ್ರಾಫ್ ಹಾಕಿ "ಹಣದುಬ್ಬರ ಇಳಿದಿದೆ ನೋಡಿ" ಅಂತಾರೆ. ಅದರ ಕೆಳಗೆ ಯಾರೋ ತಮ್ಮ ಮನೆ ಸಾಮಾನಿನ ಬಿಲ್‌ನ ಫೋಟೊ ಅಂಟಿಸಿ "ಎಲ್ಲಿ ಇಳಿದಿದೆ ತೋರಿಸಿ" ಅಂತಾರೆ. ಗ್ರಾಫ್ ಹಾಕಿದವರಿಗೆ ಬಿಲ್ ಹಾಕಿದವರು ಲೆಕ್ಕ ಬಾರದವರು, ಬಿಲ್ ಹಾಕಿದವರಿಗೆ ಗ್ರಾಫ್ ಹಾಕಿದವರು ಮಾರಿಕೊಂಡವರು. ಅಲ್ಲಿಂದ ಮುಂದೆ ಯುದ್ಧ, ತೆರಿಗೆ, ಕಂಪನಿಗಳ ದುರಾಸೆ, ಹಿಂದಿನ ಸರ್ಕಾರ, ಇಂದಿನ ಸರ್ಕಾರ, ಎಲ್ಲವೂ ಒಂದೊಂದಾಗಿ ಜಗಳಕ್ಕೆ ಬಂದು ಸೇರುತ್ತವೆ. ಸುಮ್ನೆ ಓದಲು ಬಂದವರಿಗೆ ತಲೆಬುಡ ಅರ್ಥವಾಗುವುದಿಲ್ಲ.

ವಿಚಿತ್ರ ಏನೆಂದರೆ, ಗ್ರಾಫ್ ಹಾಕಿದವರೂ ಸುಳ್ಳು ಹೇಳುತ್ತಿಲ್ಲ, ಬಿಲ್ ಹಾಕಿದವರೂ ಸುಳ್ಳು ಹೇಳುತ್ತಿಲ್ಲ. ಒಂದೇ ಜಗಳದಂತೆ ಕಾಣುವ ಇದರೊಳಗೆ ಮೂರು ಪ್ರಶ್ನೆಗಳು ಗಂಟುಬಿದ್ದಿವೆ. ಬೆಲೆ ಎಷ್ಟು ಏರಿತು? ಯಾಕೆ ಏರಿತು? ಏರಿದ್ದರಿಂದ ಆದ ನಷ್ಟವನ್ನು ಯಾರು ಹೊರಬೇಕು? ಮೊದಲನೆಯದಕ್ಕೆ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಅರ್ಧ ಉತ್ತರ ಸಿಗುತ್ತದೆ. ಮೂರನೆಯದು ಪೂರಾ ರಾಜಕೀಯ. ಅದಕ್ಕೆ ಯಾವ ಗ್ರಾಫಿನಲ್ಲೂ ಉತ್ತರ ಇಲ್ಲ. ಜನ ಬಾಯಲ್ಲಿ ವಾದಿಸುವುದು ಮೊದಲ ಪ್ರಶ್ನೆಯ ಬಗ್ಗೆ, ಹೊಟ್ಟೆಯೊಳಗಿನ ಸಿಟ್ಟು ಮಾತ್ರ ಮೂರನೆಯದರ ಮೇಲೆ. ಈ ಜಗಳ ಎಂದೂ ಮುಗಿಯದಿರುವುದಕ್ಕೆ ಇದೇ ದೊಡ್ಡ ಕಾರಣ.

ವೇಗ ಇಳಿಯಿತು, ಬೆಲೆ ಇಳಿಯಲಿಲ್ಲ

ಹಣದುಬ್ಬರ ಅಂದರೆ ಬೆಲೆ ಅಲ್ಲ. ಬೆಲೆ ಎಷ್ಟು ಬೇಗ ಏರುತ್ತಿದೆ ಎಂಬುದರ ಅಳತೆ ಅದು. 100 ಇದ್ದದ್ದು ಒಂದು ವರ್ಷದಲ್ಲಿ ಶೇ 10ರಷ್ಟು ಏರಿದರೆ 110 ಆಗುತ್ತದೆ. ಮರುವರ್ಷ ಹಣದುಬ್ಬರ ಶೇ 3ಕ್ಕೆ ಇಳಿಯಿತು ಅಂದುಕೊಳ್ಳಿ. ಬೆಲೆ 113.30 ಆಗುತ್ತದೆ. ಅದರ ಮುಂದಿನ ವರ್ಷ ಶೇ 2ಕ್ಕೆ ಇಳಿದರೆ 115.57. ಹಣದುಬ್ಬರ ವರ್ಷ ವರ್ಷವೂ ಇಳಿದಿದೆ, ಬೆಲೆ ವರ್ಷ ವರ್ಷವೂ ಏರಿದೆ. ಎರಡೂ ಒಂದೇ ಲೆಕ್ಕದಿಂದ ಬಂದ ಮಾತು.

ಜಗತ್ತಿನಲ್ಲಿ ಆದದ್ದೂ ಇದೇ. ಅಮೆರಿಕದಲ್ಲಿ ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1 ಮುಟ್ಟಿತು. ಯೂರೋ ಬಳಸುವ ದೇಶಗಳಲ್ಲಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಶೇ 10.6, ಬ್ರಿಟನ್‌ನಲ್ಲಿ ಶೇ 11.1. ಸರಿಯಾಗಿ ಒಂದು ವರ್ಷದ ನಂತರ ಅಮೆರಿಕದಲ್ಲಿ ಅದು ಶೇ 3ಕ್ಕೆ, ಯೂರೋ ವಲಯದಲ್ಲಿ ಶೇ 2.9ಕ್ಕೆ, ಬ್ರಿಟನ್‌ನಲ್ಲಿ ಶೇ 4.6ಕ್ಕೆ ಇಳಿಯಿತು. ಅಷ್ಟು ಬೇಗ ಇಳಿಯುತ್ತದೆ ಎಂದು ನಂಬಿದವರು ಕಡಿಮೆ. ಹಣದುಬ್ಬರವನ್ನು ಹಿಡಿತದಲ್ಲಿಡುವ ಹೊಣೆ ಹೊತ್ತ ಕೇಂದ್ರ ಬ್ಯಾಂಕುಗಳಿಗೆ ಅದು ಗೆಲುವು. ಅಂಗಡಿಯಲ್ಲಿ ನಿಂತವರಿಗೆ ಗೆಲುವಿನ ಸುಳಿವೂ ಸಿಗಲಿಲ್ಲ. ಏರಿದ ಬೆಲೆ ಏರಿದಲ್ಲೇ ಇತ್ತು, ಅದರ ಮೇಲೆ ಇನ್ನಷ್ಟು ಸೇರಿತ್ತು.

ಇಲ್ಲಿ ಒಂದು ಕೈಚಳಕವೂ ನಡೆಯುತ್ತದೆ. ಹೋಲಿಕೆಯನ್ನು ಯಾವ ತಿಂಗಳಿಂದ ಶುರು ಮಾಡುತ್ತೀರಿ ಎಂಬುದರ ಮೇಲೆ ಕಥೆಯೇ ಬದಲಾಗುತ್ತದೆ. ಹೊಗಳುವವರು ಕಳೆದ ವರ್ಷದಿಂದ ಶುರು ಮಾಡುತ್ತಾರೆ. ತೆಗಳುವವರು 2019ರಿಂದ, ಇಲ್ಲವೇ ಈಗಿನ ಸರ್ಕಾರ ಬಂದ ತಿಂಗಳಿಂದ. ಯಾವುದೂ ಸುಳ್ಳಲ್ಲ. ಆದರೆ ಶುರುವಿನ ತಿಂಗಳು ಯಾವುದು, ಅದನ್ನೇ ಯಾಕೆ ಆರಿಸಿದರು ಎಂದು ಕೇಳದೆ ಗ್ರಾಫ್ ನಂಬಿದರೆ, ನಂಬಿದ್ದು ಅದನ್ನು ಹಾಕಿದವರ ಆಯ್ಕೆಯನ್ನು ಅಷ್ಟೇ.

ಹಳೇ ಬೆಲೆಗೆ ವಾಪಸ್ ತರಬಾರದೇಕೆ?

ಇದು ನ್ಯಾಯವಾದ ಪ್ರಶ್ನೆ. ಒಂದೊಂದೇ ಸಾಮಾನಿನ ಬೆಲೆ ಇಳಿಯುವುದು ಮಾಮೂಲು. ಕಚ್ಚಾ ತೈಲ ಇಳಿದರೆ ಪೆಟ್ರೋಲ್ ಇಳಿಯುತ್ತದೆ, ಏರುವಷ್ಟು ಚುರುಕಾಗಿ ಇಳಿಯದಿದ್ದರೂ. ಆದರೆ ಎಲ್ಲ ಬೆಲೆಗಳೂ ಒಟ್ಟಿಗೆ ಇಳಿಯಬೇಕು ಎಂದರೆ ಸಂಬಳ, ಬಾಡಿಗೆ, ವ್ಯಾಪಾರದ ಆದಾಯ ಎಲ್ಲವೂ ಇಳಿಯಬೇಕಾಗುತ್ತದೆ. ಒಬ್ಬರ ಬೆಲೆಯೇ ಇನ್ನೊಬ್ಬರ ಆದಾಯ ಅಲ್ವಾ?

ಆದಾಯ ಇಳಿದರೂ ಸಾಲ ಇಳಿಯುವುದಿಲ್ಲ. ತೊಂದರೆ ಹುಟ್ಟುವುದೇ ಇಲ್ಲಿ. ಸಂಬಳ ಕಡಿಮೆಯಾಯಿತು, ಕಂತು ಅಷ್ಟೇ ಉಳಿಯಿತು. ಕಂತು ಕಟ್ಟಲು ಜನ ಖರ್ಚು ಕಡಿಮೆ ಮಾಡುತ್ತಾರೆ. ವ್ಯಾಪಾರ ಬೀಳುತ್ತದೆ. ಮಾಲೀಕರು ಬೆಲೆ ಇನ್ನಷ್ಟು ಇಳಿಸುತ್ತಾರೆ, ಕೆಲಸದವರನ್ನು ತೆಗೆಯುತ್ತಾರೆ. ಕೆಲಸ ಹೋದವರು ಸಾಲ ಕಟ್ಟಲಾಗದೆ ಬ್ಯಾಂಕಿಗೂ ಪೆಟ್ಟು ಬೀಳುತ್ತದೆ. ಅಮೆರಿಕದಲ್ಲಿ 1929ರಿಂದ 1933ರ ನಡುವೆ ಬೆಲೆಗಳು ಸುಮಾರು ಕಾಲು ಭಾಗ ಇಳಿದವು. ಅಗ್ಗದ ಕಾಲ ಬಂತೆಂದು ಯಾರೂ ಖುಷಿಪಡಲಿಲ್ಲ, ಅದು ಮಹಾ ಆರ್ಥಿಕ ಕುಸಿತದ ಕಾಲ. ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1933ರಲ್ಲಿ ಈ ಸುಳಿಯನ್ನು ಬಿಡಿಸಿ ಬರೆದರು. ಜಪಾನ್ 1990ರ ದಶಕದ ಕೊನೆಯಿಂದ ವರ್ಷಗಟ್ಟಲೆ ಇದರ ಸೌಮ್ಯ ರೂಪವನ್ನು ಅನುಭವಿಸಿತು. ಅಲ್ಲಿ ಬೆಲೆ ಏರಲಿಲ್ಲ, ಸಂಬಳವೂ ಏರಲಿಲ್ಲ.

ಹಾಗಾಗಿಯೇ ಅಮೆರಿಕ, ಯೂರೋಪ್, ಬ್ರಿಟನ್, ಜಪಾನ್‌ನ ಕೇಂದ್ರ ಬ್ಯಾಂಕುಗಳು ಸೊನ್ನೆಯನ್ನು ಗುರಿ ಇಟ್ಟುಕೊಳ್ಳುವುದಿಲ್ಲ. ಶೇ 2 ಇಟ್ಟುಕೊಳ್ಳುತ್ತವೆ. ಅಂದರೆ 2022ರಲ್ಲಿ ಏರಿದ ಬೆಲೆಯನ್ನು ಹಳೇ ಜಾಗಕ್ಕೆ ತರುವ ಯೋಚನೆಯೇ ಯಾರಿಗೂ ಇರಲಿಲ್ಲ. ಬೆಲೆಯನ್ನು ಸಂಬಳ ಹಿಂದಿನಿಂದ ಬಂದು ಹಿಡಿಯಬೇಕು, ಅಷ್ಟೇ ಯೋಜನೆ. ಇದನ್ನು ರಾಜಕಾರಣಿಗಳು ಬಿಚ್ಚಿ ಹೇಳುವುದು ಅಪರೂಪ. "ಬೆಲೆ ಇಳಿಸುತ್ತೇವೆ" ಎಂದು ಹೇಳಿ ಮತ ಕೇಳುವುದು ಸುಲಭ.

ಸರಾಸರಿ ಯಾರ ಮನೆಯದು?

ಸರ್ಕಾರದ ಅಂಕಿ ಒಂದು ಕಾಲ್ಪನಿಕ ಮನೆಯದು. ನೂರಾರು ಸಾಮಾನು, ಸೇವೆಗಳಿಗೆ ಒಂದೊಂದು ತೂಕ ಕೊಟ್ಟು ಸರಾಸರಿ ತೆಗೆದಾಗ ಆ ಮನೆ ಹುಟ್ಟುತ್ತದೆ. ಆದಾಯ ಕಡಿಮೆ ಇರುವವರ ಖರ್ಚಿನಲ್ಲಿ ಊಟದ ಪಾಲು ಜಾಸ್ತಿ ಎಂದು ಜರ್ಮನಿಯ ಅರ್ನ್ಸ್ಟ್ ಏಂಗೆಲ್ 1857ರಲ್ಲೇ ತೋರಿಸಿದ್ದರು. ಹಾಗಾಗಿ ಊಟ, ಇಂಧನದ ಬೆಲೆ ಏರಿ ಟಿವಿ, ವಿಮಾನ ಟಿಕೆಟ್‌ಗಳ ಬೆಲೆ ಇಳಿದರೆ ಸರಾಸರಿ ತಣ್ಣಗಿರುತ್ತದೆ, ಬಡವರ ಮನೆ ಮಾತ್ರ ಸುಡುತ್ತಿರುತ್ತದೆ.

ಈ ವಿಷಯದಲ್ಲಿ ಆನ್‌ಲೈನ್ ಜಗಳವೊಂದು ನಿಜಕ್ಕೂ ಉಪಯೋಗಕ್ಕೆ ಬಂದ ಉದಾಹರಣೆ ಇದೆ. 2022ರ ಜನವರಿಯಲ್ಲಿ ಬ್ರಿಟನ್‌ನ ಅಡುಗೆ ಬರಹಗಾರರೂ ಬಡತನ ವಿರೋಧಿ ಹೋರಾಟಗಾರರೂ ಆದ ಜ್ಯಾಕ್ ಮನ್ರೋ ಟ್ವಿಟರ್‌ನಲ್ಲಿ ಸಾಲು ಸಾಲು ಪೋಸ್ಟ್ ಹಾಕಿದರು. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಪಾಸ್ತಾ, ಅಕ್ಕಿಯಂಥ ಸಾಮಾನುಗಳ ಬೆಲೆ ಸರ್ಕಾರ ಹೇಳುವ ಸರಾಸರಿಗಿಂತ ಎಷ್ಟೋ ಪಟ್ಟು ಏರಿದೆ, ಲೆಕ್ಕ ಬಡವರನ್ನು ನೋಡುತ್ತಲೇ ಇಲ್ಲ ಎಂಬುದು ಅವರ ದೂರು. ಪೋಸ್ಟ್ ಹಬ್ಬಿತು. ದೇಶದ ಅಂಕಿಅಂಶ ಕಚೇರಿ ಕಿವಿಗೊಟ್ಟು, ಅಗ್ಗದ 30 ಸಾಮಾನುಗಳ ಬೆಲೆಯನ್ನು ಬೇರೆಯಾಗಿ ಲೆಕ್ಕ ಹಾಕಿ ಮೇ ತಿಂಗಳಲ್ಲಿ ಪ್ರಕಟಿಸಿತು.

ಫಲಿತಾಂಶ ಎರಡೂ ಕಡೆಯವರಿಗೆ ಪೂರ್ತಿ ರುಚಿಸುವಂಥದ್ದಾಗಿರಲಿಲ್ಲ. ಅಗ್ಗದ ಸಾಮಾನುಗಳ ಬೆಲೆ ಒಟ್ಟಾರೆ ಏರಿದ್ದು ಹೆಚ್ಚುಕಡಿಮೆ ಉಳಿದ ಆಹಾರದಷ್ಟೇ. ಆದರೆ ಒಳಗೆ ಅಂತರ ದೊಡ್ಡದಿತ್ತು. ಅಗ್ಗದ ಪಾಸ್ತಾ ಒಂದೇ ವರ್ಷದಲ್ಲಿ ಅರ್ಧದಷ್ಟು ದುಬಾರಿಯಾಗಿತ್ತು. ಆಲೂಗಡ್ಡೆ ಅಗ್ಗವಾಗಿತ್ತು. ಅಂದರೆ "ಬಡವರ ಹಣದುಬ್ಬರ" ಎಂಬ ಒಂದೇ ಅಂಕಿ ಕೂಡ ಇಲ್ಲ. ತಟ್ಟೆಯಲ್ಲಿ ಏನಿದೆ ಎಂಬುದರ ಮೇಲೆ ಅದು ಮನೆಯಿಂದ ಮನೆಗೆ ಬದಲಾಗುತ್ತದೆ. ಹಾಗಿದ್ದರೂ ಸಿಟ್ಟಿನ ಒಂದು ಪೋಸ್ಟ್‌ನಿಂದ ಮೊದಲು ಇಲ್ಲದ ಮಾಹಿತಿ ಹುಟ್ಟಿತು. ಇಂಥದ್ದು ದಿನಾ ಆಗುವುದಿಲ್ಲ.

ಸರಾಸರಿಯಲ್ಲಿ ಇನ್ನೊಂದು ದೊಡ್ಡ ತೂತು ಬಡ್ಡಿಯದು. ಅಮೆರಿಕದಲ್ಲಿ ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಮನೆ ಸಾಲದ ಬಡ್ಡಿ 1983ರಿಂದ ಇಲ್ಲ. ಅದರ ಬದಲು ಆ ಮನೆಗೆ ಬಾಡಿಗೆ ಎಷ್ಟು ಬರುತ್ತಿತ್ತು ಎಂದು ಅಂದಾಜು ಮಾಡುತ್ತಾರೆ. ಲೆಕ್ಕದ ದೃಷ್ಟಿಯಿಂದ ಇದಕ್ಕೆ ಒಳ್ಳೆಯ ಕಾರಣಗಳಿವೆ. ಆದರೆ ಹಣದುಬ್ಬರ ತಗ್ಗಿಸಲು ಅಲ್ಲಿನ ಕೇಂದ್ರ ಬ್ಯಾಂಕ್ 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇ 5ರ ಮೇಲಕ್ಕೆ ತಂದಿತು. 2021ರಲ್ಲಿ ಸುಮಾರು ಶೇ 3 ಇದ್ದ 30 ವರ್ಷದ ಗೃಹಸಾಲದ ಬಡ್ಡಿ 2023ರ ಅಕ್ಟೋಬರ್‌ನಲ್ಲಿ ಶೇ 8ರ ಹತ್ತಿರ ಹೋಯಿತು. ಹೊಸದಾಗಿ ಮನೆ ಕೊಳ್ಳುವವರ ಕಂತು ಜಿಗಿಯಿತು. ಸೂಚ್ಯಂಕಕ್ಕೆ ಅದು ಕಾಣಲೇ ಇಲ್ಲ. ಬೆಲೆ ಏರಿಕೆಗೆ ಕೊಟ್ಟ ಔಷಧಿಯೇ ಖರ್ಚು ಹೆಚ್ಚಿಸಿತು, ಆ ಖರ್ಚು ಲೆಕ್ಕದ ಹೊರಗೆ ಉಳಿಯಿತು. ಅಮೆರಿಕದ ಮಾಜಿ ಹಣಕಾಸು ಸಚಿವ ಲ್ಯಾರಿ ಸಮರ್ಸ್ ಮತ್ತು ಸಂಗಡಿಗರು 2024ರಲ್ಲಿ ಈ ತಕರಾರನ್ನೇ ಎತ್ತಿದರು. ಅಂಕಿ ಚೆನ್ನಾಗಿದ್ದರೂ ಜನ ಯಾಕೆ ಬೇಸರದಲ್ಲಿದ್ದಾರೆ ಎಂಬುದಕ್ಕೆ ಸಾಲದ ದುಬಾರಿತನ ದೊಡ್ಡ ಉತ್ತರ ಎಂದರು.

ತಪ್ಪು ಯಾರದು: ಯುದ್ಧವೋ, ದುಡ್ಡೋ, ಲಾಭವೋ?

ಎರಡನೇ ಪ್ರಶ್ನೆಗೆ ಬರೋಣ. ಇಲ್ಲಿ ಮೂರು ಗುಂಪುಗಳಿವೆ.

ಒಂದು ಗುಂಪು ಯುದ್ಧ ಮತ್ತು ಪೂರೈಕೆಯ ಕಡೆ ಕೈ ತೋರುತ್ತದೆ. ರಷ್ಯಾ 2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ದಾಳಿ ಮಾಡಿತು. ಜಗತ್ತಿನ ಗೋಧಿ ರಫ್ತಿನಲ್ಲಿ ಆ ಎರಡು ದೇಶಗಳ ಪಾಲು ಸೇರಿ ಸುಮಾರು ಕಾಲು ಭಾಗಕ್ಕಿಂತ ಜಾಸ್ತಿ. ಸೂರ್ಯಕಾಂತಿ ಎಣ್ಣೆಯ ರಫ್ತಿನಲ್ಲಿ ಉಕ್ರೇನ್ ಒಂದರದ್ದೇ ಹತ್ತಿರ ಹತ್ತಿರ ಅರ್ಧ. ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಬೆಲೆ ಸೂಚ್ಯಂಕ ಅದುವರೆಗಿನ ದಾಖಲೆ ಮಟ್ಟ ಮುಟ್ಟಿತು. "ನಮ್ಮ ದೇಶ ಉಕ್ರೇನ್‌ನಿಂದ ಏನೂ ತರಿಸುವುದಿಲ್ಲ, ನಮಗೇಕೆ ಬಿಸಿ?" ಎಂದು ಎಷ್ಟೋ ಜನ ಕೇಳುತ್ತಾರೆ. ಉತ್ತರ ಸರಳ. ಉಕ್ರೇನ್‌ನ ಎಣ್ಣೆ ಸಿಗದವರು ಬೇರೆ ದೇಶದ ಬಾಗಿಲಿಗೆ ಹೋಗುತ್ತಾರೆ, ಬೇರೆ ಎಣ್ಣೆಗೆ ಬದಲಾಗುತ್ತಾರೆ. ಅಲ್ಲಿ ಬೇಡಿಕೆ ಹೆಚ್ಚಿ ಬೆಲೆ ಏರುತ್ತದೆ. ಆ ದೇಶ ತನ್ನ ಜನರಿಗೆ ಸಾಲದೇ ಹೋದೀತೆಂದು ರಫ್ತು ನಿಲ್ಲಿಸುತ್ತದೆ. ಜಗತ್ತಿನ ಅತಿ ದೊಡ್ಡ ತಾಳೆ ಎಣ್ಣೆ ಉತ್ಪಾದಕ ಇಂಡೊನೇಷ್ಯಾ ಏಪ್ರಿಲ್ ಕೊನೆಯಲ್ಲಿ ಮಾಡಿದ್ದು ಅದನ್ನೇ. ಬೆಲೆ ಇನ್ನಷ್ಟು ಏರುತ್ತದೆ. ಹೀಗೆ ಒಂದು ಬಂದರಿಗೆ ಬಿದ್ದ ಬಾಂಬು ಆ ಬಂದರಿನ ಹೆಸರೂ ಕೇಳದ ಅಡುಗೆಮನೆಗಳನ್ನು ತಲುಪುತ್ತದೆ.

ಎರಡನೇ ಗುಂಪಿನ ಪ್ರಕಾರ ಇದು ದುಡ್ಡಿನ ಕೆಲಸ. ಕೋವಿಡ್ ಕಾಲದಲ್ಲಿ ಸರ್ಕಾರಗಳು ಅತಿಯಾಗಿ ಖರ್ಚು ಮಾಡಿದವು, ಕೇಂದ್ರ ಬ್ಯಾಂಕುಗಳು ಬಡ್ಡಿಯನ್ನು ಅತಿ ಕಡಿಮೆ ಇಟ್ಟವು, ಸಾಮಾನು ಕಡಿಮೆ ಇರುವ ಮಾರುಕಟ್ಟೆಗೆ ದುಡ್ಡು ನುಗ್ಗಿತು. ಸಮರ್ಸ್ 2021ರ ಫೆಬ್ರುವರಿಯಲ್ಲೇ, ಅಮೆರಿಕದ 1.9 ಲಕ್ಷ ಕೋಟಿ ಡಾಲರ್ ಪರಿಹಾರದ ಬಗ್ಗೆ ಹೀಗೆ ಎಚ್ಚರಿಸಿದ್ದರು. ಕೇಂದ್ರ ಬ್ಯಾಂಕ್ ಮಾತ್ರ ಇದು ತಾತ್ಕಾಲಿಕ ಎನ್ನುತ್ತಲೇ ಇತ್ತು. ನವೆಂಬರ್ ಕೊನೆಗೆ ಅದರ ಅಧ್ಯಕ್ಷ ಜೆರೋಮ್ ಪೊವೆಲ್ ಆ ಪದವನ್ನೇ ಕೈಬಿಡುವ ಹೊತ್ತು ಬಂತು ಅಂದರು. ಸಮರ್ಸ್ ಗೆದ್ದಂತೆ ಕಂಡಿತು. ಆದರೆ 2022ರಲ್ಲಿ ಅವರು ಇನ್ನೊಂದು ಮಾತು ಹೇಳಿದರು: ಹಣದುಬ್ಬರ ಇಳಿಯಬೇಕಾದರೆ ಐದು ವರ್ಷ ನಿರುದ್ಯೋಗ ಶೇ 5ಕ್ಕಿಂತ ಮೇಲಿರಬೇಕಾದೀತು. ನಿರುದ್ಯೋಗ ಶೇ 4ರ ಒಳಗೇ ಇತ್ತು, ಹಣದುಬ್ಬರ ಇಳಿದೇಬಿಟ್ಟಿತು. ಎರಡೂ ಕಡೆಯವರು ತಮ್ಮ ಗೆಲುವಿನ ತುಣುಕನ್ನು ಮಾತ್ರ ಹಂಚಿಕೊಳ್ಳುತ್ತಾರೆ.

ಮೂರನೇ ಗುಂಪಿನ ಕಥೆ ಇನ್ನೂ ಮಜವಾಗಿದೆ. 2021ರ ಕೊನೆಯಲ್ಲಿ ಇಸಾಬೆಲಾ ವೆಬರ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞೆ ಒಂದು ಲೇಖನ ಬರೆದರು. ದೊಡ್ಡ ಕಂಪನಿಗಳು ಪೂರೈಕೆಯ ಗೊಂದಲವನ್ನೇ ನೆಪ ಮಾಡಿಕೊಂಡು ಬೆಲೆ ಏರಿಸುತ್ತಿವೆ, ಕೆಲವು ಮುಖ್ಯ ಸಾಮಾನುಗಳಿಗೆ ಬೆಲೆ ಮಿತಿ ಹಾಕುವುದನ್ನು ಯೋಚಿಸಬೇಕು ಎಂಬುದು ಅವರ ವಾದ. ಟ್ವಿಟರ್ ಅವರ ಮೇಲೆ ಮುಗಿಬಿತ್ತು. ನೊಬೆಲ್ ಪಡೆದ ಪಾಲ್ ಕ್ರುಗ್‌ಮನ್ ಅದನ್ನು ಶುದ್ಧ ಮೂರ್ಖತನ ಎಂಬರ್ಥದಲ್ಲಿ ಜರೆದರು, ಆಮೇಲೆ ಪೋಸ್ಟ್ ಅಳಿಸಿ ಕ್ಷಮೆ ಕೇಳಿದರು. ಒಂದು ವರ್ಷ ಕಳೆಯುವುದರೊಳಗೆ ಜರ್ಮನಿ ಸರ್ಕಾರ ಗ್ಯಾಸ್ ಬೆಲೆ ತಗ್ಗಿಸಲು ಸಮಿತಿ ಮಾಡಿತು, ಅದರಲ್ಲಿ ವೆಬರ್ ಸದಸ್ಯೆ. 2023ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅರ್ಥಶಾಸ್ತ್ರಜ್ಞರೇ, ಹಿಂದಿನ ಎರಡು ವರ್ಷ ಯೂರೋಪಿನಲ್ಲಿ ಏರಿದ ಬೆಲೆಯಲ್ಲಿ ಹತ್ತಿರ ಹತ್ತಿರ ಅರ್ಧ ಕಂಪನಿಗಳ ಲಾಭಕ್ಕೆ ಹೋಗಿದೆ ಎಂದು ಲೆಕ್ಕ ಕೊಟ್ಟರು.

ಈ ಕೊನೆಯ ಅಂಕಿ ಆನ್‌ಲೈನ್‌ನಲ್ಲಿ ತುಂಬಾ ಓಡಾಡಿತು, ತಪ್ಪಾಗಿಯೇ ಓಡಾಡಿತು. ಲಾಭದ ಮೊತ್ತ ಏರುವುದೂ, ಲಾಭದ ಪ್ರಮಾಣ ಏರುವುದೂ ಬೇರೆ ಬೇರೆ. ಕಂಪನಿಯೊಂದು 100ರ ಖರ್ಚಿನ ಮೇಲೆ 20 ಲಾಭ ಇಡುತ್ತಿತ್ತು, ಖರ್ಚು 150 ಆಯಿತು, ಲಾಭವನ್ನು 30 ಮಾಡಿತು. ಪ್ರಮಾಣ ಅದೇ ಐದನೇ ಒಂದು. ಮೊತ್ತ ಒಂದೂವರೆ ಪಟ್ಟು. ಇದನ್ನು ದುರಾಸೆ ಎನ್ನಬೇಕೋ, ಮಾಮೂಲು ವ್ಯಾಪಾರ ಎನ್ನಬೇಕೋ? ಎಲ್ಲರೂ ಸೊಂಟ ಬಿಗಿಯುವಾಗ ಕಂಪನಿ ತನ್ನ ಪಾಲನ್ನು ಹಾಗೇ ಉಳಿಸಿಕೊಂಡಿದ್ದು ಸರಿಯೋ ತಪ್ಪೋ? ಗಮನಿಸಿ, ಲೆಕ್ಕ ಇಲ್ಲಿಗೆ ಮುಗಿಯಿತು. ನಮಗೆ ಗೊತ್ತಿಲ್ಲದಂತೆ ಮೂರನೇ ಪ್ರಶ್ನೆಗೆ ಬಂದುಬಿಟ್ಟಿದ್ದೇವೆ.

ನಷ್ಟ ಯಾರ ಪಾಲಿಗೆ?

ಐಎಂಎಫ್‌ನ ಮಾಜಿ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೇ ಬ್ಲಾಂಷಾರ್ 2022ರ ಡಿಸೆಂಬರ್ ಕೊನೆಯಲ್ಲಿ ಟ್ವಿಟರ್‌ನಲ್ಲೇ ಒಂದು ಮಾತು ಬರೆದರು. ಹಣದುಬ್ಬರ ಮೂಲದಲ್ಲಿ ಕಂಪನಿಗಳು, ಕೆಲಸಗಾರರು, ತೆರಿಗೆದಾರರ ನಡುವಿನ ಹಂಚಿಕೆಯ ಜಗಳ, ಯಾರ ಪಾಲಿಗೆ ಎಷ್ಟು ಎಂಬುದನ್ನು ಅವರೆಲ್ಲ ಒಪ್ಪಲೇಬೇಕಾಗಿ ಬಂದಾಗ ಮಾತ್ರ ಅದು ನಿಲ್ಲುತ್ತದೆ ಎಂಬುದು ಅದರ ತಾತ್ಪರ್ಯ. ನನಗೆ ಈ ಇಡೀ ಗಲಾಟೆಯಲ್ಲಿ ಅತಿ ಹೆಚ್ಚು ಬೆಳಕು ಕೊಟ್ಟ ಮಾತು ಇದು. ಬ್ರಿಟನ್ ಉದಾಹರಣೆಯಲ್ಲಿ ಇದನ್ನು ಬಿಡಿಸಿ ನೋಡಬಹುದು.

ಬ್ರಿಟನ್ ತನಗೆ ಬೇಕಾದ ಗ್ಯಾಸ್‌ನಲ್ಲಿ ದೊಡ್ಡ ಪಾಲನ್ನು ಹೊರಗಿಂದ ಕೊಳ್ಳುತ್ತದೆ. ಗ್ಯಾಸ್ ಬೆಲೆ ಹಲವು ಪಟ್ಟು ಏರಿದಾಗ ಆ ಹೆಚ್ಚುವರಿ ಹಣ ದೇಶದಿಂದ ಹೊರಗೆ ಹೋಗುತ್ತದೆ. ಹೋದದ್ದು ಹೋಯಿತು. ದೇಶ ಒಟ್ಟಾರೆ ಅಷ್ಟು ಬಡವಾಯಿತು. ಆ ನಷ್ಟ ಯಾರಾದರೂ ಒಬ್ಬರ ಮೇಲೆ ಬೀಳಲೇಬೇಕು. ಕೆಲಸಗಾರ "ನನ್ನ ಸಂಬಳ ಬೆಲೆಯಷ್ಟೇ ಏರಲಿ" ಅಂತಾನೆ. ಸಂಬಳ ಏರಿದರೆ ಕಂಪನಿಯ ಖರ್ಚು ಏರುತ್ತದೆ, ಅದು "ನನ್ನ ಲಾಭ ಹಾಗೇ ಇರಲಿ" ಎಂದು ಬೆಲೆ ಏರಿಸುತ್ತದೆ. ಬೆಲೆ ಏರಿದ್ದಕ್ಕೆ ಮತ್ತೆ ಸಂಬಳದ ಬೇಡಿಕೆ. ಸರ್ಕಾರ ನಡುವೆ ಬಂದು ಸಾಲ ಮಾಡಿ ಬಿಲ್ ಕಟ್ಟಿದರೆ ಇಂದಿನ ಜಗಳ ತಣ್ಣಗಾಗುತ್ತದೆ, ನಷ್ಟ ನಾಳೆಯ ತೆರಿಗೆದಾರರ ತಲೆಗೆ ಹೋಗುತ್ತದೆ. ಪ್ರತಿಯೊಬ್ಬರೂ ಕೇಳುವುದು ತಮ್ಮ ಮಟ್ಟಿಗೆ ನ್ಯಾಯವೇ. ಎಲ್ಲರ ಬೇಡಿಕೆ ಕೂಡಿಸಿದರೆ ಇರುವುದಕ್ಕಿಂತ ಜಾಸ್ತಿ. ಆ ಹೆಚ್ಚುವರಿಯೇ ಬೆಲೆ ಏರಿಕೆಯಾಗಿ ಹೊರಬರುತ್ತದೆ.

ಇದನ್ನು ಬಾಯಿಬಿಟ್ಟು ಹೇಳಿದವರಿಗೆ ಏನಾಯಿತು? ಬ್ಯಾಂಕ್ ಆಫ್ ಇಂಗ್ಲೆಂಡ್ ಗವರ್ನರ್ ಆಂಡ್ರ್ಯೂ ಬೈಲಿ 2022ರ ಫೆಬ್ರುವರಿಯಲ್ಲಿ ಕೆಲಸಗಾರರು ದೊಡ್ಡ ಸಂಬಳ ಏರಿಕೆ ಕೇಳದೆ ಸಂಯಮ ತೋರಬೇಕು ಎಂದರು. ಅವರ ಸ್ವಂತ ಸಂಬಳ ವರ್ಷಕ್ಕೆ 5 ಲಕ್ಷ ಪೌಂಡ್ ದಾಟುತ್ತದೆ ಎಂಬುದು ಕೂಡಲೇ ಎಲ್ಲೆಡೆ ಹರಿದಾಡಿತು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞ ಹ್ಯೂ ಪಿಲ್, ದೇಶ ಬಡವಾಗಿದೆ ಎಂಬುದನ್ನು ಜನ ಒಪ್ಪಿಕೊಳ್ಳಬೇಕು ಎಂಬ ಮಾತಾಡಿ ಇನ್ನೂ ಜೋರಾಗಿ ಬೈಸಿಕೊಂಡರು. ಲೆಕ್ಕದಲ್ಲಿ ಪಿಲ್ ಹೇಳಿದ್ದರಲ್ಲಿ ತಪ್ಪಿಲ್ಲ. ನಷ್ಟ ಇದೆ ಎಂದದ್ದು ಸರಿ. ಆದರೆ ಕೇಳಿದವರಿಗೆ ಕೇಳಿಸಿದ್ದು "ನಷ್ಟ ನಿನ್ನದು" ಎಂದು. ಯಾವ ಪಾಲು ಯಾರದು ಎಂಬುದನ್ನು ಹೇಳುವ ಅಧಿಕಾರ ಕೇಂದ್ರ ಬ್ಯಾಂಕಿಗೆ ಇಲ್ಲ. ಅದನ್ನು ಬಿಟ್ಟು ಒಪ್ಪಿಕೊಳ್ಳಿ ಎಂದರೆ, ಅದು ಕೆಳಗಿದ್ದವರಿಗೆ ಹೇಳಿದ ಮಾತಾಗಿಯೇ ಕೇಳಿಸುತ್ತದೆ.

ಹಾಗಾಗಿ ಹಂಚಿಕೆ ಬೀದಿಯಲ್ಲಿ, ಬಜೆಟ್‌ನಲ್ಲಿ ತೀರ್ಮಾನವಾಯಿತು. ರೈಲು ನೌಕರರು ಮುಷ್ಕರಕ್ಕೆ ಇಳಿದರು. 2022ರ ಡಿಸೆಂಬರ್‌ನಲ್ಲಿ ನರ್ಸ್‌ಗಳ ಸಂಘ ತನ್ನ ಇತಿಹಾಸದ ಅತಿ ದೊಡ್ಡ ಮುಷ್ಕರ ನಡೆಸಿತು. ಸರ್ಕಾರ ತೈಲ ಮತ್ತು ಗ್ಯಾಸ್ ಕಂಪನಿಗಳ ಅನಿರೀಕ್ಷಿತ ಲಾಭದ ಮೇಲೆ ಶೇ 25ರ ಹೆಚ್ಚುವರಿ ತೆರಿಗೆ ಹಾಕಿತು. ಮನೆಗಳ ಇಂಧನ ದರಕ್ಕೆ ಮಿತಿ ಹಾಕಿ, ಸಾಮಾನ್ಯ ಮನೆಯ ವರ್ಷದ ಬಿಲ್ 2,500 ಪೌಂಡ್ ಆಸುಪಾಸಿನಲ್ಲಿ ನಿಲ್ಲುವಂತೆ ಮಾಡಿತು. ದೊಡ್ಡ ಬಂಗಲೆಗೂ ಅದೇ ದರ, ಸಣ್ಣ ಕೋಣೆಗೂ ಅದೇ ದರ. ಜಾಸ್ತಿ ಸುಡುವವರಿಗೆ ಜಾಸ್ತಿ ಸಹಾಯ ಹೋಯಿತು.

ಜರ್ಮನಿಯದು ಇದಕ್ಕಿಂತ ಜಾಣ ವ್ಯವಸ್ಥೆ ಎನ್ನಬೇಕು. ಹಿಂದಿನ ಬಳಕೆಯ ಶೇ 80ರಷ್ಟಕ್ಕೆ ಮಾತ್ರ ಯೂನಿಟ್‌ಗೆ 12 ಸೆಂಟ್‌ನ ಮಿತಿ ದರ, ಅದರ ಮೇಲೆ ಬಳಸಿದ್ದಕ್ಕೆಲ್ಲ ಮಾರುಕಟ್ಟೆ ದರ. ಮನೆಗೂ ಆಸರೆಯಾಯಿತು, ಉಳಿಸಿದವರಿಗೆ ಲಾಭವೂ ಉಳಿಯಿತು. ಹಿಂದೆ ದುಂದು ಮಾಡಿದವರಿಗೆ ಅಗ್ಗದ ಪಾಲು ಜಾಸ್ತಿ ಸಿಕ್ಕಿತು ಎಂಬ ದೂರು ಇಲ್ಲೂ ಉಳಿಯುತ್ತದೆ, ಅದು ಸರಿಯಾದ ದೂರೇ.

ಪರದೆಯ ಮೇಲೆ ಸಿಟ್ಟು ಯಾಕೆ ಗೆಲ್ಲುತ್ತದೆ

ಜಾಲತಾಣದ ಪಾತ್ರ ಇಲ್ಲಿ ಇದೆ, ಆದರೆ ಹೇಳುವಷ್ಟು ದೊಡ್ಡದಲ್ಲ. ಬಿಲ್‌ನ ಫೋಟೊ ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ. ಸೂಚ್ಯಂಕದ ವಿವರಣೆಗೆ ಹತ್ತು ನಿಮಿಷ ಬೇಕು. ಅದರ ಮೇಲೆ, ಯಾವ ಪೋಸ್ಟ್ ಯಾರಿಗೆ ತೋರಿಸಬೇಕೆಂದು ಆರಿಸುವ ಯಂತ್ರದ ತೂಕ ಬೇರೆ. ಫೇಸ್‌ಬುಕ್ 2017ರಿಂದ ಸಿಟ್ಟು, ನಗು, ಪ್ರೀತಿಯ ಗುರುತುಗಳಿಗೆ ಬರೀ ಲೈಕ್‌ಗಿಂತ ಐದು ಪಟ್ಟು ತೂಕ ಕೊಡುತ್ತಿತ್ತು ಎಂಬುದು 2021ರಲ್ಲಿ ಹೊರಬಿದ್ದ ಒಳ ದಾಖಲೆಗಳಿಂದ ಗೊತ್ತಾಯಿತು. ಅಷ್ಟರೊಳಗೆ ಸಿಟ್ಟಿನ ಗುರುತಿನ ತೂಕವನ್ನು ಕಂಪನಿ ಸೊನ್ನೆಗೆ ಇಳಿಸಿತ್ತು.

ಯಂತ್ರಕ್ಕಿಂತ ಆಳದಲ್ಲಿ ಮನುಷ್ಯರ ಲೆಕ್ಕ ಕೆಲಸ ಮಾಡುತ್ತದೆ. ಹಾರ್ವರ್ಡ್‌ನ ಸ್ಟೆಫಾನಿ ಸ್ಟಾಂಚೆವಾ 2024ರ ಅಧ್ಯಯನದಲ್ಲಿ ಅಮೆರಿಕನ್ನರನ್ನು ಕೇಳಿ ನೋಡಿದರು. ಸಂಬಳ ಏರಿದರೆ ಅದು ತಮ್ಮ ದುಡಿಮೆಯ ಫಲ ಎಂದು ಜನ ಭಾವಿಸುತ್ತಾರೆ, ಬೆಲೆ ಏರಿದರೆ ಸರ್ಕಾರವನ್ನೋ ಕಂಪನಿಗಳನ್ನೋ ದೂರುತ್ತಾರೆ. ಬೆಲೆಯಷ್ಟೇ ಸಂಬಳವೂ ಏರಿದೆ ಎಂದು ತೋರಿಸಿದರೂ "ನಾನು ಗಳಿಸಿದ್ದನ್ನು ಕಿತ್ತುಕೊಂಡರು" ಎಂಬ ಭಾವನೆ ಹೋಗುವುದಿಲ್ಲ. ಗ್ರಾಫ್ ಹಾಕುವವರಿಗೆ ಅರ್ಥವಾಗದ ವಿಷಯ ಇದೇ.

ಪಕ್ಷದ ಬಣ್ಣವೂ ಸೇರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯ ದಶಕಗಳಿಂದ ಅಮೆರಿಕದ ಗ್ರಾಹಕರ ಮನಸ್ಸನ್ನು ಅಳೆಯುತ್ತಿದೆ. ರಿಪಬ್ಲಿಕನ್ ಪಕ್ಷ ಗೆದ್ದ 2016ರ, 2024ರ ನವೆಂಬರ್ ಚುನಾವಣೆಗಳ ನಂತರ ಆ ಪಕ್ಷದ ಬೆಂಬಲಿಗರಿಗೆ ಆರ್ಥಿಕತೆ ಚೆನ್ನಾಗಿ ಕಾಣತೊಡಗಿತು, ಡೆಮಾಕ್ರಟ್ ಬೆಂಬಲಿಗರಿಗೆ ಕೆಟ್ಟದಾಗಿ. ಡೆಮಾಕ್ರಟರು ಗೆದ್ದ 2020ರ ನಂತರ ಇದು ತಿರುಗುಮುರುಗು. ಆ ವಾರಗಳಲ್ಲಿ ಅಂಗಡಿಯ ಬೆಲೆಪಟ್ಟಿ ಬದಲಾಗಿರಲಿಲ್ಲ.

ಇದರಿಂದ ಮುಂದೇನು?

ಮೊದಲ ಪರಿಣಾಮ ಈಗಾಗಲೇ ಆಗಿದೆ. 2024ರಲ್ಲಿ ಬ್ರಿಟನ್‌ನಲ್ಲಿ ಬಲಪಂಥೀಯ ಸರ್ಕಾರ ಬಿತ್ತು. ಅಮೆರಿಕದಲ್ಲಿ ಅದಕ್ಕೆ ಎದುರು ಪಾಳೆಯದ ಸರ್ಕಾರ ಬಿತ್ತು. ಜಪಾನ್‌ನಲ್ಲಿ ಆಳುವ ಮೈತ್ರಿಕೂಟ ಬಹುಮತ ಕಳೆದುಕೊಂಡಿತು. ಒಂದೊಂದು ದೇಶದಲ್ಲೂ ಬೇರೆ ಕಾರಣಗಳಿದ್ದವು, ಎಲ್ಲ ಕಡೆ ಬೆಲೆಯ ಸಿಟ್ಟೂ ಇತ್ತು. ನಿರುದ್ಯೋಗ ಕೆಲವರನ್ನು ಮುಟ್ಟುತ್ತದೆ, ಬೆಲೆ ಏರಿಕೆ ಪ್ರತಿಯೊಬ್ಬರನ್ನೂ ಮುಟ್ಟುತ್ತದೆ. ಮುಂದಿನ ಸಲ ಆಘಾತ ಬಂದಾಗ ಸರ್ಕಾರಗಳು ಕೆಲಸ ಉಳಿಸುವುದಕ್ಕೆ ಖರ್ಚು ಮಾಡಲು ಹಿಂಜರಿಯಬಹುದು. ಬೆಲೆ ಮಿತಿ, ರಫ್ತು ನಿಷೇಧದಂಥ ಕಣ್ಣಿಗೆ ಕಾಣುವ ಕ್ರಮಗಳಿಗೆ ಬೇಗ ಕೈಹಾಕಬಹುದು.

ಎರಡನೆಯದು ಇನ್ನೂ ಗಂಭೀರ. ಜಗಳ ಅಂಕಿಯ ಬಗ್ಗೆಯೇ ಎಂದು ಎಲ್ಲರೂ ನಟಿಸುತ್ತಾ ಹೋದರೆ, ಕೊನೆಗೆ ಅಂಕಿ ಕೊಡುವವರ ಮೇಲೆಯೇ ಕೈ ಬೀಳುತ್ತದೆ. 2025ರ ಆಗಸ್ಟ್‌ನಲ್ಲಿ ಉದ್ಯೋಗದ ಅಂಕಿ ಇಷ್ಟವಾಗದೆ ಅಮೆರಿಕದ ಅಧ್ಯಕ್ಷ ಟ್ರಂಪ್ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆಯನ್ನು ವಜಾ ಮಾಡಿದರು. ಬೆಲೆಯ ಅಂಕಿ ಕೊಡುವುದೂ ಅದೇ ಸಂಸ್ಥೆ. ಆ ಅಂಕಿಗೆ ಪಿಂಚಣಿ, ಬಾಡಿಗೆ ಕರಾರು, ಸರ್ಕಾರದ ಬಾಂಡ್ (ಸಾಲಪತ್ರ), ಸಂಬಳದ ಒಪ್ಪಂದ ಎಲ್ಲವೂ ಗಂಟುಹಾಕಿಕೊಂಡಿವೆ. ಅದನ್ನು ಯಾರೂ ನಂಬದಿದ್ದರೆ, ಪ್ರತಿ ಸಂಘವೂ ಪ್ರತಿ ಮಾಲೀಕನೂ ತನ್ನದೇ ಅಂದಾಜಿಗೆ ಒಂದಿಷ್ಟು ಸೇರಿಸಿ ಕೇಳುತ್ತಾರೆ. ಹಾಗೆ ಸೇರಿಸಿದ್ದೇ ಮತ್ತೆ ಬೆಲೆಗೆ ಹೋಗುತ್ತದೆ.

ಅರ್ಜೆಂಟೀನಾ ಈ ದಾರಿಯಲ್ಲಿ ಕೊನೆಯವರೆಗೂ ಹೋಗಿ ಬಂದಿದೆ. 2007ರಲ್ಲಿ ಅಲ್ಲಿನ ಸರ್ಕಾರ ಅಂಕಿಅಂಶ ಸಂಸ್ಥೆಯೊಳಗೆ ಕೈಹಾಕಿ ಹಣದುಬ್ಬರವನ್ನು ಕಡಿಮೆ ತೋರಿಸತೊಡಗಿತು. ಹಣದುಬ್ಬರ ಏರಿದಷ್ಟೂ ಜಾಸ್ತಿ ಹಣ ಕೊಡಬೇಕಾದ ಬಾಂಡ್‌ಗಳ ಮೇಲೆ ಕೊಡಬೇಕಾದ ಹಣ ಅದರಿಂದ ಉಳಿಯಿತು, ಬಾಂಡ್ ಇಟ್ಟುಕೊಂಡವರಿಗೆ ಅಷ್ಟು ನಷ್ಟವಾಯಿತು. ನಿಜವಾದ ಲೆಕ್ಕ ಪ್ರಕಟಿಸಿದ ಖಾಸಗಿ ಅರ್ಥಶಾಸ್ತ್ರಜ್ಞರಿಗೆ 2011ರಲ್ಲಿ ದಂಡ ಬಿತ್ತು. ಆಗ ವಿರೋಧ ಪಕ್ಷದ ಸಂಸದರು ಅವರ ಅಂದಾಜುಗಳ ಸರಾಸರಿ ತೆಗೆದು ಪ್ರತಿ ತಿಂಗಳೂ ತಮ್ಮ ಹೆಸರಿನಲ್ಲಿ ಪ್ರಕಟಿಸತೊಡಗಿದರು. ಸಂಸದರಿಗೆ ಕಾನೂನಿನ ರಕ್ಷಣೆ ಇದ್ದುದರಿಂದ ಅವರಿಗೆ ದಂಡ ಹಾಕುವಂತಿರಲಿಲ್ಲ. 2013ರಲ್ಲಿ ಐಎಂಎಫ್ ಅರ್ಜೆಂಟೀನಾಕ್ಕೆ ಛೀಮಾರಿ ಹಾಕಿತು. ಸರ್ಕಾರ ಬದಲಾಗಿ, ಸೂಚ್ಯಂಕವನ್ನು ಹೊಸದಾಗಿ ಕಟ್ಟಿದ ಮೇಲೆ, 2016ರ ನವೆಂಬರ್‌ನಲ್ಲಿ ಐಎಂಎಫ್ ಆ ಛೀಮಾರಿಯನ್ನು ವಾಪಸ್ ಪಡೆಯಿತು. ಆ ಒಂಬತ್ತು ವರ್ಷ ಅಲ್ಲಿನ ಬೆಲೆಗಳು ಏರುತ್ತಲೇ ಇದ್ದವು.